ಕಕ್ಕಡದಲ್ಲಿ ತಟ್ಟೆಗೆ ಏನು ಬರುತ್ತೆ? ಕೋಳಿ, ಹಸು, ಕೈತೋಟ, ಗದ್ದೆ: ಕೊಡಗಿನ ಮನೆಗೆ ಯಾವುದು ಮೊದಲು

ನಮ್ಮ ಸಂಘದ ಖಾತೆಯಲ್ಲಿ ಒಂದು ಜನವರಿಯಲ್ಲಿ 28,000 ರೂಪಾಯಿ ಉಳಿದಿತ್ತು. ನಾವು ಹದಿನಾಲ್ಕು ಹೆಂಗಸರು. ಪೊನ್ನಂಪೇಟೆಯಿಂದ ಸ್ವಲ್ಪ ಒಳಗಿನ ಊರು. ಆರು ಜನ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವವರು. ಉಳಿದವರಿಗೆ ಸ್ವಂತ ಮನೆ, ಹಿತ್ತಿಲು, ಒಬ್ಬಿಬ್ಬರಿಗೆ ಒಂದೆರಡು ಎಕರೆ ಕಾಫಿ. ಈ ಸಲ ದುಡ್ಡನ್ನು ಸೀರೆ, ಪಾತ್ರೆ ಅಂತ ಹಂಚುವುದು ಬೇಡ, ಮನೆಯವರ ಊಟ ಸುಧಾರಿಸಲು ಬಳಸೋಣ ಎಂದು ಎಲ್ಲರೂ ಒಪ್ಪಿದರು. ಜಗಳ ಶುರುವಾದದ್ದು ಆಮೇಲೆ. ಒಬ್ಬರಿಗೆ ಹಸು ಬೇಕು. ತರಬೇತಿಗೆ ಹೋಗಿ ಬಂದವರಿಗೆ ಅಣಬೆ ಬೇಕು. ಇನ್ನೊಬ್ಬರು ಗದ್ದೆ ಪಾಳು ಬಿದ್ದಿದೆ, ಎಲ್ಲ ಸೇರಿ ನಾಟಿ ಮಾಡೋಣ ಅಂದರು.

ಲೈನ್ ಮನೆಯ ಅಜ್ಜಿಯೊಬ್ಬರು ಮೂಲೆಯಲ್ಲಿ ಕೂತು ಎಲ್ಲ ಕೇಳಿ ಕೊನೆಗೆ ಒಂದೇ ಮಾತು ಹೇಳಿದರು. "ಬೇಸಿಗೇಲಿ ಹೇಗೂ ನಡೀತದೆ. ಕಕ್ಕಡದಲ್ಲಿ ಮಕ್ಕಳಿಗೆ ಎಂತ ತಿನ್ನಿಸ್ತೀರ, ಅದು ಹೇಳಿ ಮೊದಲು."

ಅವತ್ತಿನಿಂದ ನನಗೆ ಅದೇ ಅಳತೆಗೋಲು. ಕಕ್ಕಡ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಮಳೆ ಬಿಡುವುದಿಲ್ಲ. ಜೋರು ಮಳೆಯ ದಿನ ತೋಟದಲ್ಲಿ ಕೆಲಸ ಇಲ್ಲ, ಕೆಲಸ ಇಲ್ಲದ ದಿನ ಕೂಲಿಯೂ ಇಲ್ಲ. ಹಿತ್ತಿಲಲ್ಲಿ ಹರಿವೆ ಕೊಳೆತಿರುತ್ತೆ. ಸಂತೆಯಲ್ಲಿ ಬೀನ್ಸ್ ಬೆಲೆ ಕೇಳಿ ಸುಮ್ನೆ ಮುಂದೆ ಹೋಗುವುದು. ಹಾಗಾಗಿ ಕೆಳಗಿನ ಒಂದೊಂದು ದಾರಿಗೂ ನಾನು ಕೇಳಿದ್ದು ಮೂರೇ ಪ್ರಶ್ನೆ. ಇದು ಕಕ್ಕಡದಲ್ಲಿ ತಟ್ಟೆಗೆ ಬರುತ್ತಾ? ಬಂದದ್ದು ಮನೆಯವರ ಬಾಯಿಗೆ ಹೋಗುತ್ತಾ, ಮಾರಾಟಕ್ಕೆ ಹೋಗುತ್ತಾ? ತಲೆಗೆ 2,000 ರೂಪಾಯಿಯಲ್ಲಿ ಆಗುತ್ತಾ?

ಹೊಟ್ಟೆ ತುಂಬುತ್ತೆ, ತಟ್ಟೆ ಬಿಳಿ

ಹಣ ಹಾಕುವ ಮೊದಲು ಒಂದು ಕೆಲಸ ಮಾಡಿ. ಒಂದು ವಾರ ಮನೆಯಲ್ಲಿ ಏನು ತಿಂದಿರಿ ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ನಮ್ಮ ಮನೆಯದ್ದು ಹೀಗಿತ್ತು: ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ನಡುವೆ ಒಂದು ದಿನ ಕಡಂಬುಟ್ಟು, ಅದೂ ಅಕ್ಕಿಯೇ. ಗೋಣಿಕೊಪ್ಪದ ಭಾನುವಾರದ ಸಂತೆಯಿಂದ ತಂದ ತರಕಾರಿ ಬುಧವಾರದವರೆಗೆ. ಗುರುವಾರದಿಂದ ಆಲೂಗಡ್ಡೆ, ಈರುಳ್ಳಿ, ಒಣಮೀನು. ಸೊಪ್ಪು ವಾರಕ್ಕೆ ಒಂದು ಸಲ. ಬರೆದು ನೋಡುವವರೆಗೂ ನಾವು ಚೆನ್ನಾಗಿಯೇ ತಿನ್ನುತ್ತಿದ್ದೇವೆ ಎಂದು ನಾನು ನಂಬಿದ್ದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿತು. ದಿನಕ್ಕೆ 2,000 ಕ್ಯಾಲರಿ ಬೇಕಾದ ಒಬ್ಬರಿಗೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ, 300 ಮಿಲಿ ಹಾಲು, 100 ಗ್ರಾಂ ಹಣ್ಣು ಎನ್ನುತ್ತದೆ ಅದು. ನಮ್ಮಲ್ಲಿ ಧಾನ್ಯ ಮಾತ್ರ ಅದಕ್ಕಿಂತ ಜಾಸ್ತಿ. ಉಳಿದದ್ದೆಲ್ಲ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಹೆಂಗಸರಲ್ಲಿ ನೂರಕ್ಕೆ 47.8. ಅಕ್ಕಿ ಸಾಕಷ್ಟಿರುವ ರಾಜ್ಯದ ಲೆಕ್ಕ ಇದು. ಆದ್ದರಿಂದ ಇನ್ನಷ್ಟು ಅಕ್ಕಿ ತರುವ ದಾರಿ ನಮ್ಮ ಪಟ್ಟಿಯಲ್ಲಿ ಕೆಳಗೆ ಹೋಯಿತು.

ಖರ್ಚಿಲ್ಲದ್ದು ಮೊದಲು

ರೇಷನ್, ಅಂಗನವಾಡಿ, ಶಾಲೆಯ ಊಟ. ಇದನ್ನು ಯಾರೂ ಆಯ್ಕೆ ಎಂದೇ ಲೆಕ್ಕ ಹಾಕುವುದಿಲ್ಲ. ಆದರೆ ಸಂಘದಲ್ಲಿ ಕೇಳಿದಾಗ ಇಬ್ಬರ ರೇಷನ್ ಕಾರ್ಡಿನಲ್ಲಿ ಚಿಕ್ಕ ಮಗುವಿನ ಹೆಸರೇ ಸೇರಿರಲಿಲ್ಲ. ಒಬ್ಬಳು ಬಸುರಿ ಅಂಗನವಾಡಿಯ 'ಮಾತೃಪೂರ್ಣ'ದ ಊಟಕ್ಕೆ ಹೆಸರು ಕೊಟ್ಟಿರಲಿಲ್ಲ. ಜೇನುಕುರುಬ, ಯರವ ಮುಂತಾದ ಬುಡಕಟ್ಟು ಕುಟುಂಬಗಳಿಗೆ ಕಾಳು, ಎಣ್ಣೆ, ತುಪ್ಪ, ಮೊಟ್ಟೆ ಇರುವ ಪೌಷ್ಟಿಕ ಆಹಾರದ ಕಿಟ್ ಸರ್ಕಾರದಿಂದ ಸಿಗುತ್ತದೆ. ಅದು ಶುರುವಾದದ್ದೇ ಮಳೆಗಾಲದ ತಿಂಗಳುಗಳಿಗೆಂದು. ಅಜ್ಜಿಯ ಲೆಕ್ಕ ಸರ್ಕಾರಕ್ಕೂ ಗೊತ್ತಿತ್ತು, ಅಲ್ವಾ?

ಒಂದು ವಿಷಯ ಹೇಳಲೇಬೇಕು. ರೇಷನ್ ಅಕ್ಕಿಯಲ್ಲಿ ಸ್ವಲ್ಪ ಹಳದಿಯಾಗಿ, ಮಂಕಾಗಿ ಕಾಣುವ ಕಾಳು ನೂರಕ್ಕೆ ಒಂದರಂತೆ ಸೇರಿರುವುದುಂಟು. ನೀರಲ್ಲಿ ಕೆಲವು ತೇಲುತ್ತವೆ. 'ಪ್ಲಾಸ್ಟಿಕ್ ಅಕ್ಕಿ' ಎಂದು ಮೊರದಲ್ಲಿ ಆರಿಸಿ ಕೋಳಿಗೆ ಹಾಕುವವರನ್ನು ನಾನೇ ನೋಡಿದ್ದೇನೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದದ್ದು. ಹಾಗೆ ಆರಿಸಿದರೆ ಕಬ್ಬಿಣಾಂಶ ಕೋಳಿಗೆ, ಖಾಲಿ ಅಕ್ಕಿ ಮಕ್ಕಳಿಗೆ. ಮನೆಯಲ್ಲಿ ಸಿಕಲ್ ಸೆಲ್ ಅಥವಾ ಥಲಸ್ಸೀಮಿಯಾ ಇದ್ದವರು ಮಾತ್ರ ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಖರ್ಚಿಲ್ಲದ ಕೆಲಸ, ಆದರೆ ಕೊಡಗಿನವರಿಗೆ ಕಷ್ಟದ್ದು: ಊಟ ಆದ ಕೂಡಲೇ ಬೆಲ್ಲದ ಕಾಫಿ ಕುಡಿಯಬೇಡಿ. ಕಾಫಿ, ಟೀ ಎರಡೂ ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಒಂದು ಗಂಟೆ ಬಿಡಿ. ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಂಡರೆ ಅದೇ ಕಬ್ಬಿಣಾಂಶ ಇನ್ನೂ ಚೆನ್ನಾಗಿ ಹತ್ತುತ್ತದೆ. ನನ್ನ ಗಂಡ ಇದನ್ನು ಇನ್ನೂ ಒಪ್ಪಿಲ್ಲ.

ಕೋಳಿಯೋ, ಹಸುವೋ

ದೊಡ್ಡ ಜಗಳ ಇದರದ್ದೇ. ಹಸುವಿನ ಪರ ಇದ್ದವರ ಮಾತು ಸುಳ್ಳಲ್ಲ. ದಿನಾ ಹಾಲು, ದಿನಾ ಗೊಬ್ಬರ, ಡೇರಿಯಿಂದ ದುಡ್ಡು. ಆದರೆ ಒಳ್ಳೆಯ ಮಿಶ್ರತಳಿ ಹಸುವಿಗೆ ನಮ್ಮ ಸಂಘದ ಇಡೀ ದುಡ್ಡು ಸಾಲದು. ಮಳೆಗಾಲದಲ್ಲಿ ಕೊಟ್ಟಿಗೆ ಒಣಗಿಸಿ ಇಡುವುದು, ಹಸಿ ಹುಲ್ಲಿನ ಜೊತೆ ಒಣ ಹುಲ್ಲು ಹೊಂದಿಸುವುದು, ಕೆಚ್ಚಲು ಬಾವು ಬಾರದಂತೆ ನೋಡುವುದು, ಇದಕ್ಕೆಲ್ಲ ಮನೆಯಲ್ಲಿ ಒಬ್ಬರು ಪೂರ್ತಿ ಇರಬೇಕು. ಲೈನ್ ಮನೆಯಲ್ಲಿ ಕಟ್ಟಲು ಜಾಗವೂ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಹಾಲು ಮನೆಯಲ್ಲಿ ಉಳಿಯುವುದಿಲ್ಲ. ನನ್ನ ಅತ್ತೆಯ ಮನೆಯಲ್ಲಿ ಎರಡು ಹಸು ಇದ್ದ ಕಾಲದಲ್ಲೂ ನಾವು ಕುಡಿದದ್ದು ಕರಿ ಕಾಫಿಯೇ. ಕ್ಯಾನಿಗೆ ಎಷ್ಟು ಹೋಯಿತು ಎಂಬುದು ಲೆಕ್ಕ. ಮಕ್ಕಳ ಲೋಟಕ್ಕೆ ಉಳಿದದ್ದು ತಳದಲ್ಲಿ ಎರಡು ಗುಟುಕು. ಸಾಲದ ಕಂತು ಇದ್ದರೆ ಇದು ಇನ್ನೂ ಜಾಸ್ತಿ. ಹಸು ಒಳ್ಳೆಯ ಸಂಪಾದನೆ. ಅದನ್ನು ಪೌಷ್ಟಿಕತೆಯ ಲೆಕ್ಕದಲ್ಲಿ ತರಬೇಡಿ, ಅಥವಾ ತಂದ ದಿನವೇ "ದಿನಕ್ಕೆ ಅರ್ಧ ಲೀಟರ್ ಮನೆಗೆ" ಎಂದು ನಿಯಮ ಮಾಡಿ.

ಕೋಳಿಯ ಕಥೆ ಬೇರೆ. ನಾಲ್ಕೈದು ಕೋಳಿ ಸೌದೆ ಕೊಟ್ಟಿಗೆಯ ಮೂಲೆಯಲ್ಲೂ ಇರುತ್ತವೆ. ಪ್ರಶ್ನೆ ಇರುವುದು ತಳಿಯಲ್ಲಿ. ನಾಟಿ ಕೋಳಿ ವರ್ಷಕ್ಕೆ 50ರಿಂದ 70 ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ತಾನೇ ಕಾವು ಕೂರುತ್ತದೆ, ಮರಿ ಮಾಡುತ್ತದೆ, ಗಿಡುಗ ಬಂದರೆ ಓಡುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ ವರ್ಷಕ್ಕೆ 150ರ ಆಸುಪಾಸು ಅಥವಾ ಅದಕ್ಕೂ ಮೇಲೆ ಇಡುತ್ತವೆ. ಅವು ಕಾವು ಕೂರುವುದಿಲ್ಲ. ಮರಿ ಬೇಕೆಂದರೆ ಮತ್ತೆ ಕೊಳ್ಳಬೇಕು, ಇಲ್ಲವೇ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬೇಕು. ನಮ್ಮ ಹಳೆಯ ಹೇಂಟೆಯೊಂದು ತನಗಿಂತ ದೊಡ್ಡದಾಗಿ ಬೆಳೆದ ಗಿರಿರಾಜ ಮಕ್ಕಳನ್ನು ಕರೆದುಕೊಂಡು ಅಂಗಳದಲ್ಲಿ ಓಡಾಡುತ್ತಿತ್ತು. ನೋಡಲು ತಮಾಷೆ.

ಲೆಕ್ಕ ಹಾಕಿ. ಐದು ಗಿರಿರಾಜ ಹೇಂಟೆ, ವರ್ಷಕ್ಕೆ 750 ಮೊಟ್ಟೆ, ದಿನಕ್ಕೆ ಎರಡು. ನಾಲ್ಕು ಜನರ ಮನೆಯಲ್ಲಿ ಎರಡು ದಿನಕ್ಕೊಮ್ಮೆ ಎಲ್ಲರಿಗೂ ಒಂದೊಂದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಜೊತೆಗೆ ಕಾಳು-ಸೊಪ್ಪಿನಲ್ಲಿ ಸಿಗದ ಬಿ12. ನಾಟಿ ಕೋಳಿಯೇ ಸಾಕುವವರಿಗೆ ನನ್ನದೊಂದು ಸಲಹೆ ಇದೆ, ಸಂಘದಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾಟಿ ಮೊಟ್ಟೆ ಮಾರಿ, ಆ ದುಡ್ಡಿಗೆ ಫಾರಂ ಮೊಟ್ಟೆ ತನ್ನಿ. ನಮ್ಮಲ್ಲಿ ಒಂದು ನಾಟಿ ಮೊಟ್ಟೆಯ ಬೆಲೆಗೆ ಫಾರಂನದ್ದು ಎರಡು ಬರುತ್ತದೆ. ಪ್ರೋಟೀನಿನಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ರುಚಿ ಬೇರೆ, ಅದನ್ನು ಒಪ್ಪುತ್ತೇನೆ.

ಕೋಳಿಯಲ್ಲಿ ನಷ್ಟವೂ ಇದೆ. ನಾವು ಮೊದಲ ಸಲ ತಂದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತು ದಿನದಲ್ಲಿ ಹೋದವು. ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ, ಒಂದರ ಹಿಂದೆ ಒಂದು. ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದ ಮೇಲೆ ಮದ್ದಿಲ್ಲ. ಲಸಿಕೆ ಇದೆ, ನಾವು "ಮುಂದಿನ ವಾರ ಹಾಕಿಸೋಣ" ಎಂದು ಬಿಟ್ಟಿದ್ದೆವು. ತಪ್ಪು ನಮ್ಮದೇ.

ಕೈತೋಟ: ಏಳು ಮಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಪೌಷ್ಟಿಕ ಕೈತೋಟದ ಚಿತ್ರ ನೀವೂ ನೋಡಿರುತ್ತೀರಿ. ವಾರಕ್ಕೆ ಏಳು ದಿನ, ಏಳು ಮಡಿ, ದಿನಕ್ಕೊಂದು ಮಡಿಯಿಂದ ತರಕಾರಿ. ಕುಶಾಲನಗರದ ಕಡೆ, ಮಳೆ ಕಡಿಮೆ ಇರುವಲ್ಲಿ, ಇದು ಚೆನ್ನಾಗಿ ಆಗುತ್ತದೆ. ಭಾಗಮಂಡಲ, ಶ್ರೀಮಂಗಲದ ಕಡೆ ಜೂನ್ ಕೊನೆಗೆ ಆ ಮಡಿ ಎಲ್ಲಿತ್ತು ಎಂದು ಹುಡುಕಬೇಕು. ಪಾಲಕ್, ಕೊತ್ತಂಬರಿ, ಹರಿವೆ ಮೂರೂ ಮಳೆ ಹೊಡೆತಕ್ಕೆ ನೆಲಕ್ಕಂಟಿ ಕೊಳೆಯುತ್ತವೆ. ಎಲ್ಲರೂ ಹೊಗಳುವ ನುಗ್ಗೆಗೂ ನೀರು ನಿಂತ ನೆಲ ಆಗದು.

ನಮ್ಮಲ್ಲಿ ನಡೆದದ್ದು ಬೇರೆ ಗಿಡಗಳು. ಬೇಲಿಗೆ ಚಕ್ರಮುನಿ, ಚಪ್ಪರಕ್ಕೆ ಬಸಳೆ, ತೋಡಿನ ಬದಿಗೆ ಕೆಸ, ಹಿಂದೆ ಮರಗೆಣಸು. ಬೀಜ ಕೊಳ್ಳುವುದೇ ಬೇಡ. ಚಕ್ರಮುನಿ, ಬಸಳೆ, ಮರಗೆಣಸಿಗೆ ಪಕ್ಕದ ಮನೆಯಿಂದ ಕಡ್ಡಿ ಮುರಿದು ತಂದು ನೆಟ್ಟರೆ ಆಯಿತು, ಕೆಸಕ್ಕೆ ಒಂದು ಗಡ್ಡೆ. ಒಮ್ಮೆ ಹಿಡಿದರೆ ವರ್ಷಗಟ್ಟಲೆ ಇರುತ್ತದೆ, ಮಳೆಯಲ್ಲೇ ಇನ್ನೂ ಚಿಗುರುತ್ತದೆ. ಕೆಸವನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು, ಗಂಟಲು ತುರಿಸುವುದು ಗೊತ್ತಲ್ಲ. ಚಕ್ರಮುನಿಯನ್ನು ಪಲ್ಯ, ಸಾರು ಮಾಡಿ ತಿನ್ನಿ, ಹಸಿ ರಸ ಮಾಡಿ ದಿನಾ ಕುಡಿಯಬೇಡಿ. 1990ರ ದಶಕದಲ್ಲಿ ತೈವಾನಿನಲ್ಲಿ ತೆಳ್ಳಗಾಗಲು ಹಾಗೆ ಕುಡಿದವರಿಗೆ ಶ್ವಾಸಕೋಶ ಹಾಳಾಗಿತ್ತು.

ಬಿಸಿಲುಕಾಲದಲ್ಲಿ ಬೆಳೆದು ಕಕ್ಕಡಕ್ಕೆ ಇಡಬಹುದಾದದ್ದು ಇನ್ನೊಂದು ಗುಂಪು. ಸಿಹಿಗುಂಬಳ, ಬೂದುಗುಂಬಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರುತ್ತವೆ. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ನೇತು ಹಾಕುವುದು ಹಳೆಯ ಪದ್ಧತಿ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಇಟ್ಟರೆ ಮಳೆ ಮುಗಿಯುವವರೆಗೆ ಸಾರಿಗೆ ಆಯಿತು. ತೋಟದಲ್ಲಿ ಹಲಸು ಬಿದ್ದು ಕೊಳೆಯುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ. ಅದೂ ಅಲ್ಲದೆ ಆ ವಾಸನೆಗೆ ಆನೆ ಬರುತ್ತದೆ. ಸಿದ್ದಾಪುರ, ತಿತಿಮತಿ ಕಡೆಯವರು ಹಲಸನ್ನು ಎಳೆಯದಾಗಿರುವಾಗಲೇ ಕೊಯ್ದು ಪಲ್ಯ ಮಾಡಿ, ಮನೆಯ ಪಕ್ಕ ಬಾಳೆ ನೆಡುವ ಆಸೆ ಬಿಡಿ.

ನಾಲ್ಕು ಸೆಂಟ್ ಹಿತ್ತಿಲಿನಿಂದ ತಲೆಗೆ 400 ಗ್ರಾಂ ತರಕಾರಿ ಬರುವುದಿಲ್ಲ. ಗುರಿ ಚಿಕ್ಕದಿರಲಿ, ಸೊಪ್ಪು ಮಾತ್ರ. ಲೈನ್ ಮನೆಯವರು ಗೊಬ್ಬರದ ಖಾಲಿ ಚೀಲ ತೊಳೆದು, ಮಣ್ಣು ತುಂಬಿ, ಸೂರಿನ ನೀರು ನೇರವಾಗಿ ಬೀಳದ ಕಡೆ ಬಸಳೆ ನೆಟ್ಟರು. ಎರಡು ಮನೆಯಲ್ಲಿ ಅದು ಕಿಟಕಿ ಮುಚ್ಚುವಷ್ಟು ಬೆಳೆಯಿತು.

ಗದ್ದೆ

ಇದು ಮನಸ್ಸಿನ ವಿಷಯ, ಬರೀ ಲೆಕ್ಕದ್ದಲ್ಲ. ಗದ್ದೆ ಇಲ್ಲದೆ ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಕದಿರು ಎಲ್ಲಿಂದ? ಆದರೆ ಪೌಷ್ಟಿಕತೆಯ ಪ್ರಶ್ನೆಗೆ ಉತ್ತರ ಗದ್ದೆಯ ಅಕ್ಕಿ ಅಲ್ಲ. ನಾಟಿ, ಕೊಯ್ಲು, ಬಡಿಯುವುದು ಎಲ್ಲಕ್ಕೂ ಕೂಲಿ ಕೊಟ್ಟು, ಹಂದಿ-ಆನೆಯ ಪಾಲು ಕಳೆದರೆ ಮನೆಯ ಅಕ್ಕಿ ಅಂಗಡಿಯ ಅಕ್ಕಿಗಿಂತ ಅಗ್ಗ ಆಗುವುದಿಲ್ಲ. ರೇಷನ್ ಅಕ್ಕಿ ಪುಕ್ಕಟೆ ಬರುವ ಮನೆಗಂತೂ ಇದು ಕೊನೆಯ ಆಯ್ಕೆ.

ಗದ್ದೆಯ ಬೆಲೆ ಅಕ್ಕಿಯ ಆಚೆ ಇದೆ. ನಾಟಿಯ ಹೊತ್ತಿಗೆ ಬದುವಿನ ತೂತಿನಲ್ಲಿ ಏಡಿ, ತೋಡಿನಲ್ಲಿ ಸಣ್ಣ ಮೀನು, ಬದುವಿನ ಮೇಲೆ ಒಂದೆಲಗ. ನಮ್ಮ ಚಿಕ್ಕಂದಿನ ಕಕ್ಕಡದ ಪ್ರೋಟೀನ್ ಇದೇ. ಕಳೆನಾಶಕ, ಕೀಟನಾಶಕ ಹೊಡೆದ ಗದ್ದೆಯಲ್ಲಿ ಅವು ಸಿಗುವುದಿಲ್ಲ, ಸಿಕ್ಕಿದರೂ ತಿನ್ನಬಾರದು. ಶುಂಠಿಗೆ ಕೊಟ್ಟ ಗದ್ದೆಯ ಪಕ್ಕದವರು ಇದನ್ನು ಇನ್ನೂ ಚೆನ್ನಾಗಿ ಹೇಳಬಲ್ಲರು.

ಕೊಯ್ಲು ಮುಗಿದ ಮೇಲೆ ಗದ್ದೆ ಮೇ ತಿಂಗಳವರೆಗೆ ಖಾಲಿ. ನನ್ನ ಕಣ್ಣಿರುವುದು ಅಲ್ಲಿ. ತೇವ ಆರುವ ಮೊದಲು ಅಲಸಂದೆ, ಹೆಸರು ಬಿತ್ತಿದರೆ ಕಾಳೂ ಬರುತ್ತದೆ, ಮಣ್ಣಿಗೂ ಒಳ್ಳೆಯದು. ಶನಿವಾರಸಂತೆ ಕಡೆ ಬೇಸಿಗೆಯ ಗದ್ದೆಯಲ್ಲಿ ಹಸಿಮೆಣಸು ಬೆಳೆಯುವವರು ಎಷ್ಟು ಜನ ಇಲ್ಲ! ಅಡ್ಡಿ ಒಂದೇ, ಊರ ದನ. ಕೊಯ್ಲಾದ ಕೂಡಲೇ ದನ ಬಿಡುವ ರೂಢಿ ನಮ್ಮದು. ಒಬ್ಬರೇ ಬಿತ್ತಿದರೆ ದನಕ್ಕೆ ಬಿತ್ತಿದಂತೆ. ಅಕ್ಕಪಕ್ಕದ ನಾಲ್ಕು ಗದ್ದೆಯವರು ಸೇರಿದರೆ ಮಾತ್ರ ಈ ದಾರಿ ಹಿಡಿಯಿರಿ.

ಬೆಳೆಯುವುದಲ್ಲ, ಕೊಳ್ಳುವುದು

ನಮಗೆಲ್ಲ ತಡವಾಗಿ ಹೊಳೆದದ್ದು ಇದು. ಪ್ರೋಟೀನನ್ನು ರೂಪಾಯಿ ಲೆಕ್ಕದಲ್ಲಿ ನೋಡಿದರೆ ಹುರುಳಿಯನ್ನು ಸೋಲಿಸುವುದು ಕಷ್ಟ. 30 ಗ್ರಾಂ ಹುರುಳಿ, ಅಂದರೆ ಒಂದು ಹಿಡಿ, ಒಂದು ಮೊಟ್ಟೆಯಷ್ಟೇ ಪ್ರೋಟೀನ್ ಕೊಡುತ್ತದೆ, ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ. ಮೊಟ್ಟೆಯ ಪ್ರೋಟೀನ್ ಮೈಗೆ ಹೆಚ್ಚು ಹತ್ತುತ್ತದೆ, ನಿಜ. ಆದರೆ ಅನ್ನದ ಜೊತೆ ಕಾಳು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮಾರ್ಚಿನಲ್ಲಿ ಸಂಘದಿಂದ ಹುಣಸೂರಿನ ಕಡೆಯಿಂದ ಹುರುಳಿ, ರಾಗಿ ಚೀಲದಲ್ಲಿ ತರಿಸಿದೆವು. ಕಾಫಿ ಕಣದಲ್ಲಿ ಎರಡು ದಿನ ಒಣಗಿಸಿ, ಡಬ್ಬಿಗೆ ತುಂಬಿ, ಮಳೆಗೆ ಮೊದಲೇ ಮುಚ್ಚಳ ಹಾಕಿದ್ದಾಯಿತು. ಕಕ್ಕಡದ ಚಳಿಗೆ ಕಾಳು ಮೊಳಕೆ ಬರುವುದು ನಿಧಾನ. ಬಟ್ಟೆಯಲ್ಲಿ ಕಟ್ಟಿ ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟರೆ ಎರಡನೇ ದಿನಕ್ಕೆ ಬಾಲ ಕಾಣುತ್ತದೆ.

ರಾಗಿಗೆ ನಮ್ಮ ಊರಲ್ಲಿ ಸ್ವಲ್ಪ ಅಸಡ್ಡೆ ಇದೆ, "ಬಯಲುಸೀಮೆಯವರ ಊಟ" ಅಂತ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಅಷ್ಟು ಹಾಲಿನಿಂದ ಬೇಕೆಂದರೆ ಸುಮಾರು 300 ಮಿಲಿ ಕುಡಿಯಬೇಕು. ರಾಗಿಯದ್ದು ಪೂರ್ತಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಮೊದಲಿಗಿಂತ ವಾಸಿ. ಮುದ್ದೆ ನುಂಗಲು ಬಾರದ ನಮ್ಮ ಮಕ್ಕಳಿಗೆ ಅಕ್ಕಿ ರೊಟ್ಟಿಯ ಹಿಟ್ಟಿಗೇ ಮೂರರಲ್ಲಿ ಒಂದು ಪಾಲು ರಾಗಿ ಸೇರಿಸಿದೆ. ಮೊದಲ ದಿನ ಬಣ್ಣ ನೋಡಿ ಮುಖ ಸಿಂಡರಿಸಿದರು. ಎಳ್ಳು ಚಟ್ನಿ ಕೊಟ್ಟ ಮೇಲೆ ಏನೂ ಹೇಳಲಿಲ್ಲ.

ಅಣಬೆ, ಮೀನು

ಅಣಬೆ ಬೇಡ ಎನ್ನುವುದಿಲ್ಲ. ಭತ್ತದ ಹುಲ್ಲಿದ್ದರೆ, ನಮ್ಮ ತಂಪಿಗೆ, ಸಿಂಪಿ ಅಣಬೆ ಚೆನ್ನಾಗಿ ಬರುತ್ತದೆ. ಆದರೆ ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. "ಪ್ರೋಟೀನ್ ಭಂಡಾರ" ಎನ್ನುವುದು ಒಣಗಿಸಿ ತೂಗಿದ ಲೆಕ್ಕ. ಅದನ್ನು ಹೋಮ್‌ಸ್ಟೇಗೆ ಮಾರಿ, ಆ ದುಡ್ಡಿಗೆ ಮೊಟ್ಟೆ ತನ್ನಿ.

ಮೀನು ಸಾಕಲು ವರ್ಷವಿಡೀ ನೀರಿರುವ ಕೆರೆ ಬೇಕು, ನಮ್ಮ ಚಳಿಗೆ ಬೆಳವಣಿಗೆ ನಿಧಾನ. ಹಿಡಿಯುವುದು ನೀರು ಇಳಿದ ಬೇಸಿಗೆಯಲ್ಲಿ, ಕಕ್ಕಡಕ್ಕೆ ಅಲ್ಲ. ಅದರ ಬದಲು ಬೇಸಿಗೆಯಲ್ಲೇ ಒಣ ನತ್ತೋಲಿ ಕೊಂಡಿಡಿ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಕ್ಯಾಲ್ಸಿಯಂ ಕೂಡ ಇದೆ. ಬಿಪಿ ಇದ್ದವರು ಉಪ್ಪು ಹೋಗುವಂತೆ ನೆನೆಸಿ ತೊಳೆಯಿರಿ.

ಯಾರ ಮನೆಗೆ ಯಾವುದು

ನಾವು ಕೊನೆಗೆ ಮಾಡಿದ್ದು ಇಷ್ಟು. ತಲೆಗೆ 2,000ದಲ್ಲಿ ಸುಮಾರು 600 ಕಾಳು-ರಾಗಿಗೆ, 1,000 ಕೋಳಿಮರಿಗೆ, ಉಳಿದದ್ದು ಲಸಿಕೆ, ಬಲೆ, ತಗಡಿಗೆ. ಸೊಪ್ಪಿನ ಕಡ್ಡಿ ಪುಕ್ಕಟೆ. ಜಾಗವೇ ಇಲ್ಲದ ಲೈನ್ ಮನೆಗೆ ನಾನು ಹೇಳುವುದು ಕಾಳು, ಚೀಲದಲ್ಲಿ ಬಸಳೆ, ಮತ್ತು ತೋಟದ ಯಜಮಾನರು ಒಪ್ಪಿದರೆ ಮೂರು ನಾಟಿ ಕೋಳಿ. ಹಿತ್ತಿಲು ಇರುವವರು ಗಿರಿರಾಜ ಮತ್ತು ಬೇಲಿ ತುಂಬ ಚಕ್ರಮುನಿಯಿಂದ ಶುರು ಮಾಡಿ. ಹುಲ್ಲು, ನೀರು, ಮನೆಯಲ್ಲಿ ಒಬ್ಬರು ಆಳು, ಮೂರೂ ಇದ್ದವರಿಗೆ ಮಾತ್ರ ಹಸು. ಗದ್ದೆ ಇದ್ದವರು ಈಗ ಮಾಡುತ್ತಿದ್ದರೆ ಬಿಡಬೇಡಿ, ಬಿಟ್ಟಿದ್ದರೆ ಬರೀ ಊಟದ ಲೆಕ್ಕಕ್ಕಾಗಿ ಮತ್ತೆ ಶುರು ಮಾಡಬೇಡಿ.

ಕೋಳಿ ಎಂದು ತೀರ್ಮಾನ ಮಾಡಿದವರಿಗೆ ದಿನಾಂಕ ಮುಖ್ಯ. ಗಿರಿರಾಜ ಹೇಂಟೆ ಮೊಟ್ಟೆ ಇಡಲು ಐದೂವರೆ ಆರು ತಿಂಗಳು ಬೇಕು. ಒಂದು ತಿಂಗಳು ಬೆಳೆದ ಮರಿಯನ್ನು ಜನವರಿ ಕೊನೆಯೊಳಗೆ ತಂದರೆ ಕಕ್ಕಡ ಹುಟ್ಟುವ ಹೊತ್ತಿಗೆ ಮೊದಲ ಮೊಟ್ಟೆ. ಏಪ್ರಿಲ್‌ನಲ್ಲಿ ತಂದರೆ ಮಳೆಯಲ್ಲಿ ಮರಿ ಸಾಕುವ ಕಷ್ಟ, ಮೊಟ್ಟೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಆದ ಮೇಲೆ. ತರುವಾಗ ಯಾವ ಲಸಿಕೆ ಆಗಿದೆ ಎಂದು ಕೇಳಿ ಬರೆದುಕೊಳ್ಳಿ. ಎಂಟನೇ ವಾರದ ರಾಣಿಖೇತ್ ಲಸಿಕೆಯ ಸೀಸೆ ಬರುವುದೇ ನೂರಾರು ಕೋಳಿಯ ಲೆಕ್ಕದಲ್ಲಿ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ನಾವು ಒಂದು ಸಂಜೆ ಗೊತ್ತು ಮಾಡಿ, ಕೋಳಿ ಗೂಡಿಗೆ ಸೇರಿದ ಮೇಲೆ, ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಟಾರ್ಚ್ ಹಾಕಿಕೊಂಡು ಮನೆಯಿಂದ ಮನೆಗೆ ಹೋಗುತ್ತೇವೆ. ಸಂಘದಲ್ಲಿ ಇಲ್ಲದವರ ಕೋಳಿಗೂ ಹಾಕುತ್ತೇವೆ. ಅವರ ಕೋಳಿ ನಮ್ಮ ಅಂಗಳಕ್ಕೇ ತಾನೇ ಬರುವುದು.